ಬುಧವಾರದ ಕಾರ್ಡು: ಚಿಕ್ಕಮಗಳೂರಿನ ಒಂದು ಫುಟ್‌ಬಾಲ್ ಟರ್ಫ್‌ನ ಪ್ರಕರಣ

2025ರ ಜುಲೈ. ಪುನರ್ವಸು ಮಳೆ ಬಿಡದೆ ಹೊಡೆಯುತ್ತಿತ್ತು. ಚಿಕ್ಕಮಗಳೂರಿನಿಂದ ಕಡೂರಿಗೆ ಹೋಗುವ ರಸ್ತೆ ಪಕ್ಕದ ಒಂದು ಟರ್ಫ್‌ನಲ್ಲಿ, ಆಫೀಸಿನ ಮುಂದಿನ ಶೀಟಿನ ಕೆಳಗೆ ನಾನು ಕೂತಿದ್ದೆ. ಪ್ಲಾಸ್ಟಿಕ್ ಹುಲ್ಲಿನ ಮೇಲೆ ನೀರು ನಿಂತಿತ್ತು. ಮೈದಾನದಲ್ಲಿ ಒಂದು ನರಪಿಳ್ಳೆ ಇರಲಿಲ್ಲ. ಬೆಂಚಿನ ಮೇಲೆ ಆರು ಹುಡುಗರು ಸಾಲಾಗಿ ಕೂತು ಮೊಬೈಲ್‌ನಲ್ಲಿ ಫುಟ್‌ಬಾಲ್ ಆಡುತ್ತಿದ್ದರು. ಆಟದೊಳಗೇ ತಮ್ಮದೊಂದು ರೂಮ್ ಮಾಡಿಕೊಂಡು, ಪಕ್ಕದಲ್ಲೇ ಕೂತವನ ವಿರುದ್ಧ.

ಸುಮ್ನೆ ಮಾತಿಗೆ, ಲಂಡನ್ನಿನ ಆರ್ಸೆನಲ್ ಕ್ಲಬ್‌ನಲ್ಲಿ ಎಡಬದಿ ಕಾಯೋ ಆಟಗಾರ ಯಾರು ಅಂತ ಕೇಳಿದೆ. "ಆರ್ಸೆನಲ್‌ಗೆ ಲೆಫ್ಟ್ ಬ್ಯಾಕ್ ಯಾರಪ್ಪ?"

"ಕಲಾಫಿಯೋರಿ ಅಣ್ಣ. ಇಟಲಿಯವನು. ಎಡಗಾಲು, ಒಳ್ಳೆ ಎತ್ತರ. ಆದ್ರೆ ನಾನು ಲೂಯಿಸ್-ಸ್ಕೆಲ್ಲಿನೇ ಹಾಕ್ತೀನಿ." ಪರದೆಯಿಂದ ಕಣ್ಣು ತೆಗೆಯದೆ ಹೇಳಿದ.

"ಹೋದ ವರ್ಷ ಇದೇ ಟರ್ಫ್‌ನಲ್ಲಿ ಟೂರ್ನಮೆಂಟ್ ಗೆದ್ದಿದ್ದು ಯಾರು?"

ಆರು ಜನರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗೊತ್ತಿಲ್ಲ. ಆ ಆರು ಜನರಲ್ಲಿ ಒಬ್ಬ ಅದೇ ಟೂರ್ನಮೆಂಟಿನ ಸೆಮಿಫೈನಲ್ ಆಡಿದ್ದ. ತನ್ನನ್ನು ಸೋಲಿಸಿದ ತಂಡ ಆಮೇಲೆ ಏನಾಯಿತು ಅಂತಾನೂ ಅವನಿಗೆ ಗೊತ್ತಿರಲಿಲ್ಲ.

ಊರಿನ ಸಣ್ಣ ಅಂಗಡಿಗಳಿಗೆ, ಹೋಂಸ್ಟೇಗಳಿಗೆ ಜಾಹೀರಾತು ಮಾಡಿಕೊಡೋದು ನನ್ನ ಕಸುಬು. ಆ ಟರ್ಫ್‌ನ ಕೆಲಸವೂ ನನ್ನ ಕೈಯಲ್ಲೇ ಇತ್ತು. ಆ ದಿನ ಮನೆಗೆ ಹೋದ ಮೇಲೂ ಹುಡುಗರ ಆ ಮೌನ ಮರೆಯೋಕೆ ಆಗಲಿಲ್ಲ. ಸಾವಿರಾರು ಕಿಲೋಮೀಟರ್ ಆಚೆಯ ಆಟಗಾರನ ಕಾಲು ಯಾವುದು ಅಂತ ಗೊತ್ತಿರೋ ಹುಡುಗನಿಗೆ ತನ್ನ ಊರಿನ ಕಪ್ ಯಾರ ಮನೆಗೆ ಹೋಯಿತು ಅಂತ ಯಾಕೆ ಗೊತ್ತಾಗಲಿಲ್ಲ? ಮುಂದಿನ ಮೂರು ತಿಂಗಳು ನಾವು ಮಾಡಿದ್ದೆಲ್ಲ ಈ ಒಂದು ಪ್ರಶ್ನೆ ಹಿಡಿದು. ಅದನ್ನು ನಡೆದ ಹಾಗೇ ಬರೆಯುತ್ತೇನೆ.

ತೊಂದರೆ ಏನಿತ್ತು

ಟರ್ಫ್ ಮಾಲೀಕರನ್ನು ಹುಡುಗರೆಲ್ಲ 'ಟರ್ಫ್ ಅಣ್ಣ' ಅಂತಾರೆ. ಆಲ್ದೂರು ಕಡೆಯ ಕಾಫಿ ಬೆಳೆಗಾರರ ಮನೆಯವರು. ಮಂಗಳೂರಿನಲ್ಲಿ ಓದುವಾಗ ಕಾಲೇಜು ತಂಡಕ್ಕೆ ಫುಟ್‌ಬಾಲ್ ಆಡಿದವರು. ಆ ಪ್ರೀತಿಗೇ ಸಾಲ ಮಾಡಿ ಟರ್ಫ್ ಹಾಕಿದರು. ಆದರೆ ಸಾಲದ ಕಂತು ಕಟ್ಟುತ್ತಿದ್ದಿದ್ದು ಬಾಕ್ಸ್ ಕ್ರಿಕೆಟ್. ಸಂಜೆ ಆರರಿಂದ ರಾತ್ರಿ ಹನ್ನೊಂದರವರೆಗೆ ಕ್ರಿಕೆಟ್ ಹುಡುಗರೇ ಬುಕ್ ಮಾಡುತ್ತಿದ್ದರು. ಫುಟ್‌ಬಾಲ್‌ಗೆ ಉಳಿದಿದ್ದು ಭಾನುವಾರ ಬೆಳಗ್ಗೆ ಮಾತ್ರ.

2024ರಲ್ಲಿ ಅವರು ಐದು ಜನರ ಫುಟ್‌ಬಾಲ್ ಟೂರ್ನಮೆಂಟ್ ಮಾಡಿದರು. ಹನುಮಂತಪ್ಪ ಸರ್ಕಲ್‌ನಲ್ಲಿ ಫ್ಲೆಕ್ಸ್ ಹಾಕಿಸಿದ್ದು ನಾನೇ. ಎಂ.ಜಿ. ರೋಡ್‌ನಲ್ಲಿ ಪಾಂಪ್ಲೆಟ್ ಹಂಚಿಸಿದೆ. ಎರಡು ದಿನ ಆಟೋದಲ್ಲಿ ಮೈಕ್ ಕೂಗಿಸಿದೆ. ತಂಡಗಳೇನೋ ಬಂದವು. ನೋಡೋಕೆ ಬಂದವರು ಯಾರು? ಸಬ್‌ಸ್ಟಿಟ್ಯೂಟ್ ಹುಡುಗರು, ಒಬ್ಬಿಬ್ಬರ ತಮ್ಮಂದಿರು, ಬೀದಿ ನಾಯಿ. ಕಪ್ ಕೊಡೋಕೆ ಬಂದ ಬೇಕರಿ ಮಾಲೀಕರು ಸುತ್ತ ಒಂದು ಸಲ ಕಣ್ಣು ಹಾಯಿಸಿದರು. "ಮುಂದಿನ ವರ್ಷ ನೋಡೋಣ ಬಿಡಿ" ಅಂದರು. ನಮ್ಮ ಕಡೆ ಆ ಮಾತಿನ ಅರ್ಥ ಎಲ್ಲರಿಗೂ ಗೊತ್ತು.

ಮಳೆಗಾಲ ಮುಗಿದ ಮೇಲೆ ಗೋಲ್ ಪೋಸ್ಟ್ ಕಿತ್ತು ಪೂರ್ತಿ ಕ್ರಿಕೆಟ್ ಮಾಡಿಬಿಡೋದು ಅಂತ ಟರ್ಫ್ ಅಣ್ಣ ಹೆಚ್ಚುಕಮ್ಮಿ ತೀರ್ಮಾನ ಮಾಡಿದ್ದರು. "ಒಂದು ಸಲ ನೋಡೋಣ ಅಣ್ಣ, ಅಕ್ಟೋಬರ್‌ವರೆಗೆ ಟೈಮ್ ಕೊಡಿ" ಅಂತ ಕೇಳಿಕೊಂಡೆ.

ಹುಡುಗರ ತಲೆಗೆ ಫುಟ್‌ಬಾಲ್ ಬಂದಿದ್ದು ಹೇಗೆ

ನನ್ನ ಕತೆಯಿಂದಲೇ ಶುರು ಮಾಡಬೇಕು. ನಾನೂ ಫುಟ್‌ಬಾಲ್ ಕಲಿತಿದ್ದು ಮೈದಾನದಲ್ಲಿ ಅಲ್ಲ. ಕಾಲೇಜು ದಿನಗಳಲ್ಲಿ ಪ್ಲೇಸ್ಟೇಷನ್ 2 ಇಟ್ಟಿದ್ದ ಒಂದು ಪಾರ್ಲರ್‌ಗೆ ಹೋಗುತ್ತಿದ್ದೆವು. ಗಂಟೆಗೆ ಇಷ್ಟು ಅಂತ ದುಡ್ಡು. ಅಲ್ಲಿ ಕೊನಾಮಿ ಕಂಪನಿಯ ಪಿಇಎಸ್ ಅನ್ನೋ ಫುಟ್‌ಬಾಲ್ ವಿಡಿಯೊ ಗೇಮ್. ಆ ಆಟಕ್ಕೆ ಎಲ್ಲ ಕ್ಲಬ್‌ಗಳ ಹೆಸರು ಬಳಸೋ ಲೈಸೆನ್ಸ್ ಇರಲಿಲ್ಲ. ಹಾಗಾಗಿ ಲಿವರ್‌ಪೂಲ್ ಹೆಸರು 'ಮರ್ಸಿಸೈಡ್ ರೆಡ್', ಮ್ಯಾಂಚೆಸ್ಟರ್ ಯುನೈಟೆಡ್ 'ಮ್ಯಾನ್ ರೆಡ್'. ನಾವೇ ಒಂದು ಕ್ಲಬ್ ನಡೆಸೋ 'ಮಾಸ್ಟರ್ ಲೀಗ್' ಅನ್ನೋ ಭಾಗದಲ್ಲಿ ಕ್ಯಾಸ್ಟೊಲೊ, ಮಿನಾಂಡ ಅಂತ ಇದ್ದರು. ಅವರು ಲೋಕದಲ್ಲೇ ಇಲ್ಲದ ಆಟಗಾರರು, ಆದರೂ ನಮಗೆ ಮನೆ ಮಕ್ಕಳ ಹಾಗೆ. ಬ್ರೆಜಿಲ್‌ನ ಅಡ್ರಿಯಾನೊ ಎಡಗಾಲಲ್ಲಿ ಹೊಡೆದರೆ ಗೋಲ್‌ಕೀಪರ್ ಸಮೇತ ಒಳಗೆ ಹೋಗುತ್ತೆ ಅನ್ನಿಸುತ್ತಿತ್ತು. ನನ್ನ ಒಬ್ಬ ಗೆಳೆಯ ಅವನಿಂದಾಗಿಯೇ ಇಂಟರ್ ಮಿಲಾನ್ ಕಡೆಯವನಾದ. ಇವತ್ತಿಗೂ ಹಾಗೇ ಇದ್ದಾನೆ.

ಆಗ ಅದು ಪಾರ್ಲರ್‌ಗೆ ಹೋಗುವ ನಾಲ್ಕು ಜನರ ಹುಚ್ಚು. 2016ರಲ್ಲಿ ಜಿಯೊ ಬಂದ ಮೇಲೆ ಡೇಟಾ ಅಗ್ಗವಾಯಿತು. 2021ರಲ್ಲಿ ಪಿಇಎಸ್ ಹೆಸರು ಬದಲಿಸಿಕೊಂಡು 'ಇಫುಟ್‌ಬಾಲ್' ಆಯಿತು, ಪುಕ್ಕಟೆಯೂ ಆಯಿತು. ಇನ್ನೊಂದು ಕಡೆ, 1993ರಿಂದ 'ಫಿಫಾ' ಹೆಸರಲ್ಲಿ ಬರುತ್ತಿದ್ದ ಇಎ ಕಂಪನಿಯ ಆಟ 2023ರ ಸೆಪ್ಟೆಂಬರ್‌ನಲ್ಲಿ 'ಇಎ ಸ್ಪೋರ್ಟ್ಸ್ ಎಫ್‌ಸಿ 24' ಅಂತ ಬಂತು. ಫಿಫಾ ಹೆಸರು ಹೋದರೂ 19 ಸಾವಿರಕ್ಕೂ ಹೆಚ್ಚು ಆಟಗಾರರು, 700ಕ್ಕೂ ಹೆಚ್ಚು ತಂಡಗಳು ಆಟದೊಳಗೇ ಉಳಿದವು. ನಮ್ಮ ಹುಡುಗರ ಬಾಯಲ್ಲಿ ಅದು ಈಗಲೂ ಫಿಫಾನೇ.

ಹೆಸರು, ಜೆರ್ಸಿ, ಮುಖ ಆಟದೊಳಗೆ ಇರೋದು ಕ್ಲಬ್‌ಗಳಿಗೆ ಎಷ್ಟು ಬೆಲೆಬಾಳುವ ವಿಷಯ ಅನ್ನೋದಕ್ಕೆ ಒಂದೇ ಉದಾಹರಣೆ ಸಾಕು. 2019ರಲ್ಲಿ ಇಟಲಿಯ ಯುವೆಂಟಸ್ ಕೊನಾಮಿ ಒಬ್ಬರ ಜೊತೆ ಮಾತ್ರ ಒಪ್ಪಂದ ಮಾಡಿಕೊಂಡಿತು. ಆ ವರ್ಷದ ಫಿಫಾ 20ರಲ್ಲಿ ಆ ಕ್ಲಬ್‌ಗೆ 'ಪೀಮೊಂಟೆ ಕಾಲ್ಚೊ' ಅನ್ನೋ ಬೇರೆ ಹೆಸರು ಇಡಬೇಕಾಯಿತು. ಆಗ ಕ್ರಿಸ್ಟಿಯಾನೊ ರೊನಾಲ್ಡೊ ಆಡುತ್ತಿದ್ದ ತಂಡ ಅದು!

ಇನ್ನು ನಮ್ಮ ಊರಿನ ಲೆಕ್ಕ ಬೇರೆ. ಯುರೋಪಿನ ಚಾಂಪಿಯನ್ಸ್ ಲೀಗ್ ಪಂದ್ಯ ಇಲ್ಲಿ ಶುರುವಾಗೋದು ಮಧ್ಯರಾತ್ರಿ ಹನ್ನೆರಡೂವರೆಗೆ, ಚಳಿಗಾಲದಲ್ಲಿ ಒಂದೂವರೆಗೆ. ಬೆಳಗ್ಗೆ ಟ್ಯೂಷನ್ ಇರೋ ಹುಡುಗನನ್ನು ಯಾವ ಮನೆಯಲ್ಲೂ ಅಷ್ಟೊತ್ತಿನವರೆಗೆ ಕೂರಿಸಲ್ಲ. ಬೆಳಗ್ಗೆ ಹೈಲೈಟ್ಸ್ ನೋಡುತ್ತಾನೆ, ಮಧ್ಯಾಹ್ನ ಅದೇ ತಂಡ ಹಿಡಿದು ಆಡುತ್ತಾನೆ. ಬೆಂಗಳೂರು ಎಫ್‌ಸಿ ಪಂದ್ಯ ಕಂಠೀರವದಲ್ಲಿ ನೋಡಬೇಕು ಅಂದರೆ ಸುಮಾರು 245 ಕಿ.ಮೀ. ಹೋಗಬೇಕು. 2021ರಲ್ಲಿ ಫಿಫಾ 22ರೊಳಗೆ ನಮ್ಮ ದೇಶದ ದೊಡ್ಡ ಫುಟ್‌ಬಾಲ್ ಲೀಗ್ ಆದ ಇಂಡಿಯನ್ ಸೂಪರ್ ಲೀಗ್ ಬಂದಾಗ ಇಲ್ಲಿನ ಹುಡುಗರಿಗೆ ಎಷ್ಟು ಖುಷಿಯಾಗಿತ್ತು ಅಂತ ನನಗೆ ನೆನಪಿದೆ. ನಮ್ಮ ಬೆಂಗಳೂರು ತಂಡದ ನೀಲಿ ಜೆರ್ಸಿ ಬಾರ್ಸಿಲೋನಾ ಎದುರು ನಿಂತಿತ್ತಲ್ಲ! ಆದರೆ 2025ರ ಜುಲೈನಲ್ಲಿ, ನಾನು ಆ ಬೆಂಚಿನ ಮೇಲೆ ಕೂತಿದ್ದ ತಿಂಗಳಲ್ಲೇ, ಇಂಡಿಯನ್ ಸೂಪರ್ ಲೀಗ್‌ನ ಮುಂದಿನ ಸೀಸನ್ ತಡೆಹಿಡಿದರು. ಲೀಗ್ ನಡೆಸುವ ಹಕ್ಕಿನ ಒಪ್ಪಂದ ಮುಗಿಯುತ್ತಾ ಬಂದಿತ್ತು, ಮುಂದೇನು ಅನ್ನೋದು ತೀರ್ಮಾನ ಆಗಿರಲಿಲ್ಲ. ಅಂದರೆ ಆಗ ನಮ್ಮ ಹುಡುಗರಿಗೆ ನೋಡೋಕೆ ನಮ್ಮದು ಅಂತ ಒಂದು ತಂಡವೇ ಅಂಗಳದಲ್ಲಿ ಇರಲಿಲ್ಲ. ಕೈಯಲ್ಲಿ ಇದ್ದಿದ್ದು ಮೊಬೈಲ್ ಒಂದೇ.

ಆಟ ಹುಡುಗರನ್ನು ಹಿಡಿದಿಡೋದು ಹೇಗೆ

ಇದನ್ನು ನನಗೆ ಅರ್ಥ ಮಾಡಿಸಿದ್ದು ಅದೇ ಬೆಂಚಿನ ಹುಡುಗ, ಲೂಯಿಸ್-ಸ್ಕೆಲ್ಲಿಯವನು. ಇಎ ಆಟದಲ್ಲಿ ಒಬ್ಬೊಬ್ಬ ಆಟಗಾರನಿಗೂ ಒಂದು ಕಾರ್ಡ್ ಇರುತ್ತೆ. ಅದರ ಮೇಲೆ ವೇಗ, ಶೂಟಿಂಗ್, ಪಾಸಿಂಗ್ ಹೀಗೆ ಆರು ಅಂಕ. ವಾರದ ಕೊನೆಯಲ್ಲಿ ನಿಜವಾದ ಪಂದ್ಯಗಳು ನಡೆಯುತ್ತವೆ. ಚೆನ್ನಾಗಿ ಆಡಿದವರನ್ನು ಆರಿಸಿ ಬುಧವಾರ 'ಟೀಮ್ ಆಫ್ ದ ವೀಕ್' ಅಂತ ಬಿಡುತ್ತಾರೆ. ಅವರಿಗೆ ಅಂಕ ಜಾಸ್ತಿ ಇರೋ ಹೊಸ ಕಾರ್ಡ್. ಇಫುಟ್‌ಬಾಲ್‌ನಲ್ಲೂ ಹಾಗೇ. ನಿಜವಾದ ಆಟ ನೋಡಿ ಪ್ರತಿ ವಾರ ಆಟಗಾರನ ಫಾರ್ಮ್ ಏರಿಸುತ್ತಾರೆ, ಇಳಿಸುತ್ತಾರೆ.

"ಅಣ್ಣ, ನನ್ ಪ್ಲೇಯರ್ ಶನಿವಾರ ಗೋಲ್ ಹೊಡೆದ್ರೆ ಬುಧವಾರ ನಂಗೆ ಲಾಭ. ಅದಕ್ಕೇ ನಾನು ಮ್ಯಾಚ್ ನೋಡೋದು" ಅಂದ.

ಆ ಮಾತು ಕೇಳಿ ನನಗೆ ದಾರಿ ಕಂಡಿತು. ನಾನು ಇಷ್ಟು ವರ್ಷ ಮಾಡಿದ್ದು ಏನು? ಪಂದ್ಯಕ್ಕೆ ಮುಂಚೆ ಕೂಗಿ ಕರೆಯೋದು. ಪಂದ್ಯ ಮುಗಿದ ಮೇಲೆ ಏನೂ ಇಲ್ಲ. ಫ್ಲೆಕ್ಸ್ ಬಿಚ್ಚಿ ಮನೆಗೆ ಹೋಗೋದು. ಮೊಬೈಲ್ ಆಟ ಮಾಡ್ತಿರೋದು ಪಂದ್ಯ ಆದ ಮೇಲಿನ ಕೆಲಸ. ನೀನು ಆಡಿದ್ದು ಲೆಕ್ಕಕ್ಕೆ ಬಂತು, ಇಗೋ ನೋಡು, ನಾಲ್ಕು ಜನಕ್ಕೂ ತೋರಿಸು ಅಂತ ವಾರದ ಮಧ್ಯೆ ಬಂದು ಹೇಳುತ್ತೆ. ಅಷ್ಟರಲ್ಲಿ ಮುಂದಿನ ಶನಿವಾರ ಬಂದಿರುತ್ತೆ.

ಇನ್ನೊಂದು ಪ್ರಕರಣವೂ ನನ್ನ ತಲೆಯಲ್ಲಿತ್ತು. ಇಂಗ್ಲೆಂಡಿನ ಸ್ಟೀವನೇಜ್ ಅನ್ನೋ ಊರಿನ ಕ್ಲಬ್ ನಾಲ್ಕನೇ ದರ್ಜೆಯ ಲೀಗ್‌ನಲ್ಲಿ ಆಡುತ್ತಿತ್ತು. ಊರು ನಮ್ಮ ಚಿಕ್ಕಮಗಳೂರಿಗಿಂತಲೂ ಚಿಕ್ಕದು. 2011ರ ಜನಗಣತಿಯಲ್ಲಿ ನಮ್ಮ ನಗರದ್ದೇ 1.18 ಲಕ್ಷ. ಬರ್ಗರ್ ಕಿಂಗ್ ಕಂಪನಿ 2019-20ರ ಸೀಸನ್‌ಗೆ ಆ ಕ್ಲಬ್‌ನ ಜೆರ್ಸಿ ಮೇಲೆ ತನ್ನ ಹೆಸರು ಹಾಕಿಸಿತು. ಯಾಕೆ ಗೊತ್ತಾ? ಜೆರ್ಸಿ ಮೇಲಿನ ಹೆಸರು ಫಿಫಾ 20 ಆಟದೊಳಗೂ ಬರುತ್ತೆ. ಆಮೇಲೆ ಜನರಿಗೆ ಹೇಳಿತು: ಆಟದಲ್ಲಿ ಸ್ಟೀವನೇಜ್ ತಂಡ ತಗೊಂಡು ಆಡಿ, ಗೋಲ್ ಹೊಡೆದು ವಿಡಿಯೊ ಹಾಕಿ, ತಿಂಡಿ ಪುಕ್ಕಟೆ. 25 ಸಾವಿರಕ್ಕೂ ಹೆಚ್ಚು ಗೋಲುಗಳ ವಿಡಿಯೊ ಬಂದವು. ಮೆಸ್ಸಿಯಂಥವರನ್ನೂ ಜನ ಸ್ಟೀವನೇಜ್ ಜೆರ್ಸಿಯಲ್ಲಿ ಆಡಿಸಿದರು. ಕ್ಲಬ್‌ನ ಜೆರ್ಸಿ ಪೂರ್ತಿ ಖಾಲಿಯಾಯಿತು. ಆ ಕ್ಲಬ್‌ಗೆ ಅದು ಹಿಂದೆಂದೂ ಆಗದ ಮಾತು. 2021ರಲ್ಲಿ ಫ್ರಾನ್ಸಿನ ಕಾನ್ ಜಾಹೀರಾತು ಹಬ್ಬದಲ್ಲಿ ಆ ಕೆಲಸಕ್ಕೆ ದೊಡ್ಡ ಪ್ರಶಸ್ತಿ 'ಗ್ರಾಂಡ್ ಪ್ರೀ' ಬಂತು.

ನಮ್ಮ ಟರ್ಫ್ ಯಾವ ಆಟದೊಳಗೂ ಇಲ್ಲ, ಬರೋದೂ ಇಲ್ಲ. ಹಾಗಾದರೆ ಆಟದ ಒಳಗಿನದನ್ನೇ ನಾವು ಹೊರಗೆ ತರಬೇಕು ಅಂದುಕೊಂಡೆ.

ಕಾರ್ಡು

ಆಗಸ್ಟ್ ಕೊನೆಯ ವಾರ ಶುರು ಮಾಡಿದೆವು. ಟರ್ಫ್‌ನಲ್ಲಿ ಭಾನುವಾರ ಆಡೋ ಪ್ರತಿಯೊಬ್ಬನಿಗೂ ಒಂದು ಕಾರ್ಡು. ಯಾವ ಕಂಪನಿಯ ಡಿಸೈನೂ ಕದಿಯಬಾರದು, ಯಾವ ಕ್ಲಬ್‌ನ ಲೋಗೋನೂ ಬೇಡ ಅಂತ ಮೊದಲೇ ತೀರ್ಮಾನ ಆಗಿತ್ತು. ಹಿನ್ನೆಲೆಗೆ ಮುಳ್ಳಯ್ಯನಗಿರಿಯ ಸಾಲು, ಅದರ ಮೇಲೆ ಹುಡುಗನ ಫೋಟೊ, ಕೆಳಗೆ ಆರು ಅಂಕ. ಅಂಕಗಳ ಹೆಸರನ್ನು ಹುಡುಗರೇ ಕೂತು ಕನ್ನಡಕ್ಕೆ ತಂದರು: ಓಟ, ಹೊಡೆತ, ಪಾಸು, ಕಾಲ್ಚಳಕ, ತಡೆ, ದಮ್ಮು. 'ದಮ್ಮು' ಅಂತ ಹೇಳಿದ್ದು ಒಂಬತ್ತನೇ ಕ್ಲಾಸಿನ ಹುಡುಗ. ಅದಕ್ಕಿಂತ ಒಳ್ಳೆ ಪದ ನನಗೆ ಇಷ್ಟು ವರ್ಷದ ಕಸುಬಿನಲ್ಲಿ ಹೊಳೆದಿಲ್ಲ.

ಫೋಟೊ ತೆಗೆಯೋದು ರಾತ್ರಿ, ಫ್ಲಡ್‌ಲೈಟ್ ಕೆಳಗೆ, ಹಸಿರು ನೆಟ್ ಮುಂದೆ. ಎಲ್ಲರೂ ಕೈಕಟ್ಟಿ ಎದೆ ಉಬ್ಬಿಸಿ ನಿಲ್ಲುತ್ತಿದ್ದರು, ಆಟದಲ್ಲಿ ನಿಲ್ಲೋ ಹಾಗೇ. 13×19 ಇಂಚಿನ ಆರ್ಟ್ ಬೋರ್ಡ್ ಶೀಟಿನಲ್ಲಿ 25 ಕಾರ್ಡು ಕೂರುತ್ತೆ. ಪ್ರಿಂಟಿಂಗ್ ಅಂಗಡಿಯಲ್ಲಿ ಮ್ಯಾಟ್ ಲ್ಯಾಮಿನೇಷನ್ ಹಾಕಿಸಿ ಕಟಿಂಗ್ ಮೆಷಿನ್‌ಗೆ ಕೊಟ್ಟರೆ ಅಂಚು ಚೂರಿಯ ಹಾಗೆ ಬರುತ್ತೆ. ಮೊದಲನೇ ಸಲ ಮೂಲೆ ಚೂಪಾಗಿತ್ತು. ಜೇಬಲ್ಲಿ ಎರಡೇ ದಿನಕ್ಕೆ ಬಾಗಿಹೋಯಿತು. ಎರಡನೇ ಸಲ ಮೂಲೆ ದುಂಡಗೆ ಮಾಡಿಸಿದೆವು. ಆಗ ಕೈಗೆ ಹಿಡಿದರೆ ಅದು ನಿಜವಾದ ಕಾರ್ಡು ಅನ್ನಿಸಿತು.

ಅಂಕ ಕೊಡೋರು ಯಾರು? ಇಲ್ಲಿ ಎಡವಿದೆವು. ಮೊದಲ ವಾರ ಟರ್ಫ್ ಅಣ್ಣನೇ ಕೊಟ್ಟರು. ದೊಡ್ಡ ಜಗಳ. "ನಂಗೆ ಓಟ 61 ಅಂತೆ, ಅವನಿಗೆ 74 ಅಂತೆ, ಯಾಕೆ, ಅವನು ನಿಮ್ಮ ಊರಿನವನು ಅಂತಾನಾ?" ಒಬ್ಬ ಹುಡುಗ ಎರಡು ದಿನ ಬರಲೇ ಇಲ್ಲ. ಆ ಬೇಜಾರು ನ್ಯಾಯವಾದದ್ದೇ. ಒಬ್ಬ ಮನುಷ್ಯ ಕೂತು ಎಲ್ಲರ ಯೋಗ್ಯತೆ ಬರೆಯೋದು ಯಾರಿಗೂ ಇಷ್ಟ ಆಗಲ್ಲ, ಅಲ್ವಾ?

ಎರಡನೇ ವಾರ ಬದಲಿಸಿದೆವು. ಪಂದ್ಯ ಮುಗಿದ ಹತ್ತು ನಿಮಿಷದಲ್ಲಿ ಎದುರು ತಂಡದ ಕ್ಯಾಪ್ಟನ್, ಗೋಲ್‌ಕೀಪರ್ ಇಬ್ಬರೂ ಸೇರಿ ಚೀಟಿಯಲ್ಲಿ ಅಂಕ ಬರೆದು ಕೊಡಬೇಕು. ತಮ್ಮ ತಂಡಕ್ಕೆ ತಾವೇ ಕೊಡೋ ಹಾಗಿಲ್ಲ. ಇದರಿಂದ ನಾನು ಅಂದುಕೊಳ್ಳದೇ ಇದ್ದ ಒಂದು ಒಳ್ಳೇದು ಆಯಿತು. ಕ್ಯಾಪ್ಟನ್‌ಗಳು ಬೇರೆಯವರ ಪಂದ್ಯಕ್ಕೂ ಬರತೊಡಗಿದರು. ಮುಂದಿನ ವಾರ ಯಾರ ಎದುರು ಆಡಬೇಕೋ ಅವನ ದಮ್ಮು ಎಷ್ಟು ಅಂತ ನೋಡಿಕೊಳ್ಳೋಕೆ. ಅವರ ಜೊತೆ ಒಬ್ಬಿಬ್ಬರು ಗೆಳೆಯರು. ಪ್ರೇಕ್ಷಕ ಅನ್ನೋ ಪ್ರಾಣಿ ಆ ಟರ್ಫ್‌ನಲ್ಲಿ ಮೊದಲ ಸಲ ಕಾಣಿಸಿದ್ದು ಹಾಗೆ.

ಪ್ರತಿ ಬುಧವಾರ ಸಂಜೆ ಏಳಕ್ಕೆ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ 'ವಾರದ ಐವರು'. ಏಳೂಕಾಲಿಗೆ ನೋಡಿದರೆ ಊರಿನ ಅರ್ಧ ಹುಡುಗರ ಸ್ಟೇಟಸ್ ಅದೇ. ನಾನು ಒಂದು ರೂಪಾಯಿ ಜಾಹೀರಾತಿಗೆ ಹಾಕಿರಲಿಲ್ಲ.

ಇದರಲ್ಲಿ ಒಬ್ಬ ಹುಡುಗನ ವಿಷಯ ಬರೆಯಲೇಬೇಕು. ಮಲ್ಲಂದೂರು ಕಡೆಯ ತೋಟದ ಲೈನ್ ಮನೆಯಿಂದ ಬರುತ್ತಿದ್ದ. ಅವನ ಹತ್ತಿರ ಸ್ಮಾರ್ಟ್‌ಫೋನೇ ಇಲ್ಲ. ಮೊಬೈಲ್ ಫುಟ್‌ಬಾಲ್ ಒಂದು ಸಲವೂ ಆಡಿದವನಲ್ಲ. ಅವನು ಆಟ ಕಲಿತಿದ್ದು ತೋಟದ ಕಣದಲ್ಲಿ. ಕಾಫಿ ಹಣ್ಣು ಕೊಯ್ಲಿಗೆ ಬರೋವರೆಗೆ ಕಣ ಖಾಲಿ ಇರುತ್ತೆ, ಸಂಜೆ ಹುಡುಗರದೇ ರಾಜ್ಯ. ಸಿಮೆಂಟ್ ನೆಲದ ಮೇಲೆ ಬರಿಗಾಲಲ್ಲಿ ಆಡಿದ ಕಾಲು ಅದು. ಮೂರನೇ ವಾರ ಎದುರು ತಂಡದವರೇ ಅವನಿಗೆ ದಮ್ಮು 91 ಬರೆದುಕೊಟ್ಟರು. ಬುಧವಾರ ಅವನ ಕಾರ್ಡು ಎಲ್ಲರ ಫೋನಿನಲ್ಲಿ ಓಡಾಡಿತು, ಅವನ ಕೈಯಲ್ಲಿ ಫೋನ್ ಇಲ್ಲದಿದ್ದರೂ. ಭಾನುವಾರ ಪ್ರಿಂಟ್ ಆದ ಕಾರ್ಡು ಕೈಗೆ ಕೊಟ್ಟಾಗ ಎರಡು ಕೈಯಲ್ಲೂ ಹಿಡಿದುಕೊಂಡು ನೋಡಿದ. ಆಮೇಲೆ ಊಟದ ಡಬ್ಬಿಯ ಚೀಲದೊಳಗೆ, ನೋಟ್‌ಬುಕ್ಕಿನ ಮಧ್ಯೆ ಇಟ್ಟುಕೊಂಡ. ಅವನನ್ನು ಮುಂಚೆ ಮಾತಾಡಿಸದ ಟೌನ್ ಹುಡುಗರು "ನಮ್ಮ ಟೀಮಿಗೆ ಬಾರೋ" ಅಂತ ಸುತ್ತುತ್ತಿದ್ದರು.

ಮೊಬೈಲ್ ಪಂದ್ಯ, ಕಾನೂನು, ಒಬ್ಬ ತಾಯಿ

ಟೂರ್ನಮೆಂಟನ್ನು ದೀಪಾವಳಿಗೆ ಒಂದು ವಾರ ಮುಂಚೆ ಇಟ್ಟುಕೊಂಡೆವು. ಅದರ ಹಿಂದಿನ ದಿನ ಮೊಬೈಲ್ ಫುಟ್‌ಬಾಲ್ ಪಂದ್ಯ ಮಾಡಿದರೆ ಮೈದಾನಕ್ಕೆ ಬರದ ಹುಡುಗರೂ ಬರುತ್ತಾರೆ ಅನ್ನೋದು ನನ್ನ ಯೋಚನೆ. ತಲೆಗೆ ನೂರು ರೂಪಾಯಿ ಎಂಟ್ರಿ, ಗೆದ್ದವನಿಗೆ ನಗದು ಬಹುಮಾನ ಅಂತ ಪೋಸ್ಟರ್ ಕೂಡ ರೆಡಿ ಮಾಡಿದ್ದೆ.

ಟರ್ಫ್ ಅಣ್ಣನ ಪರಿಚಯದ ವಕೀಲರು ಅದನ್ನು ನೋಡಿ ನಿಲ್ಲಿಸಿದರು. 2025ರ ಆಗಸ್ಟ್‌ನಲ್ಲಿ ಕೇಂದ್ರದ ಹೊಸ ಆನ್‌ಲೈನ್ ಗೇಮಿಂಗ್ ಕಾನೂನು ಬಂದಿತ್ತು. ಹಣ ಕಟ್ಟಿ ಹಣ ಗೆಲ್ಲೋ ಆನ್‌ಲೈನ್ ಆಟಗಳಿಗೆ ಅದು ನಿಷೇಧ ಹಾಕಿದೆ. ಕ್ರೀಡೆಯ ಹಾಗೆ ಪಂದ್ಯ ಇಟ್ಟು ಆಡೋ ವಿಡಿಯೊ ಗೇಮಿಗೆ, ಅಂದರೆ ಇ-ಸ್ಪೋರ್ಟ್ಸ್‌ಗೆ, ಬೇರೆಯೇ ಮಾನ್ಯತೆ ಇದೆ, ಆದರೆ ಅದಕ್ಕೆ ನೋಂದಣಿ, ನಿಯಮ ಎಲ್ಲ ಬೇಕು. ಭಾರತ ಕ್ರಿಕೆಟ್ ತಂಡದ ಜೆರ್ಸಿ ಮೇಲಿಂದ ಡ್ರೀಮ್11 ಹೆಸರು ಹೋಗಿದ್ದು ಇದೇ ಕಾನೂನಿನ ಹಿಂದೆ. "ನಿಮ್ಮದು ಟರ್ಫ್ ಹುಡುಗರ ಆಟ. ಎಂಟ್ರಿ ಫೀಸೂ ಬೇಡ, ಕ್ಯಾಶೂ ಬೇಡ" ಅಂದರು ವಕೀಲರು. ಪೋಸ್ಟರ್ ಹರಿದು ಹಾಕಿದೆ. ಬಹುಮಾನ ಒಂದು ಜೆರ್ಸಿ, ಒಂದು ಕಾರ್ಡು ಅಂತ ಆಯಿತು.

ಅದೇ ವಾರ ಒಬ್ಬ ತಾಯಿ ಟರ್ಫ್‌ಗೆ ಬಂದರು. ಕಾಫಿ ಕ್ಯೂರಿಂಗ್‌ನಲ್ಲಿ ಬೀಜ ಆರಿಸೋ ಕೆಲಸ ಅವರದು. ಮಗ ಅವರ ಫೋನಿನಿಂದ ಒಂದು ಆಟದಲ್ಲಿ ಆಟಗಾರರ ಪ್ಯಾಕ್ ಕೊಂಡಿದ್ದ. ಒಂದೊಂದು ಸಲ ನೂರರ ಒಳಗೇ. ಹಾಗೇ ಸೇರಿ ಸೇರಿ ಮೂರು ಸಾವಿರ ದಾಟಿತ್ತು. "ನಿಮ್ಮ ಕಾಂಪಿಟೇಷನ್‌ಗೆ ಅಂತ ಹೇಳ್ದ ಸಾರ್. ನೀವು ದುಡ್ಡು ತಗೊಂಡಿದೀರ ಅಂದ್ಕೊಂಡೆ" ಅಂದರು. ಜೋರು ಮಾಡಲಿಲ್ಲ, ನಿಧಾನವಾಗೇ ಹೇಳಿದರು. ನನಗೆ ಅದೇ ಜಾಸ್ತಿ ನೋವಾಯಿತು. ನಮ್ಮ ಪಂದ್ಯದಲ್ಲಿ ಗೆಲ್ಲೋಕೆ ಒಳ್ಳೆ ತಂಡ ಬೇಕು, ಒಳ್ಳೆ ತಂಡ ಬೇಗ ಸಿಗಬೇಕು ಅಂದರೆ ದುಡ್ಡು ಸುರಿಯಬೇಕು ಅಂತ ಹುಡುಗ ಲೆಕ್ಕ ಹಾಕಿದ್ದ. ಆ ಲೆಕ್ಕ ತಪ್ಪು ಅಂತ ಹೇಳೋ ಹಾಗೂ ಇರಲಿಲ್ಲ.

ಪ್ಯಾಕ್ ಒಳಗೆ ಯಾರು ಬರ್ತಾರೆ ಅಂತ ತೆರೆಯೋವರೆಗೆ ಗೊತ್ತಾಗಲ್ಲ. ಅದಕ್ಕೇ ಮತ್ತೆ ಮತ್ತೆ ತೆರೆಯೋ ಆಸೆ. ಹೀಗೆ ದುಡ್ಡು ಕೊಟ್ಟು ತೆರೆಯೋ ಪೆಟ್ಟಿಗೆಗಳು ಜೂಜಿನ ಕಾನೂನಿಗೆ ಒಳಪಡುತ್ತವೆ ಅಂತ ಬೆಲ್ಜಿಯಂನ ಜೂಜು ನಿಯಂತ್ರಣ ಆಯೋಗ 2018ರಲ್ಲೇ ಹೇಳಿತ್ತು. ನಾನು ಅದನ್ನು ಓದಿದ್ದೆ. ಓದಿಯೂ ನಮ್ಮ ಪಂದ್ಯಕ್ಕೆ ಅದನ್ನು ಹೊಂದಿಸಿ ನೋಡಿರಲಿಲ್ಲ. ತಪ್ಪು ನನ್ನದು.

ಅವತ್ತೇ ಮೊಬೈಲ್ ಪಂದ್ಯ ರದ್ದು ಮಾಡಿದೆವು. ಬದಲಿಗೆ ಹಾಸ್ಟೆಲ್ ಹುಡುಗನೊಬ್ಬನ ಪ್ಲೇಸ್ಟೇಷನ್ ಎರವಲು ತಂದೆವು. ಅದರಲ್ಲಿ ಸುಮ್ನೆ ಎರಡು ಕ್ಲಬ್ ಆರಿಸಿಕೊಂಡು ಆಡಬಹುದು. ಯಾರ ದುಡ್ಡೂ ನಡೆಯಲ್ಲ, ಬೆರಳಿನ ಚುರುಕು ಮಾತ್ರ ನಡೆಯುತ್ತೆ. ಕಾರ್ಡಿಗೆ ಫೋಟೊ ತೆಗೆಯೋ ಮುಂಚೆ ಮನೆಯವರ ಸಹಿ ತರಬೇಕು ಅಂತಲೂ ಅವತ್ತಿನಿಂದಲೇ ಮಾಡಿದೆವು. ಆ ತಾಯಿ ಮೊದಲ ಸಹಿ ಹಾಕಿದರು.

ಆ ಎರಡು ದಿನ

ಶನಿವಾರ ಸಂಜೆ ಬಿಳಿ ಪಂಚೆ ಕಟ್ಟಿ ಪ್ರೊಜೆಕ್ಟರ್ ಹಾಕಿದೆವು. ಹುಡುಗರು ಕಿಕ್ಕಿರಿದರು. ಶೀಟಿನ ಕೆಳಗೆ ಕಾಲಿಡೋಕೆ ಜಾಗ ಇರಲಿಲ್ಲ. ನನಗೆ ಗೆದ್ದೆ ಅನ್ನಿಸಿತು.

ಭಾನುವಾರ ಬೆಳಗ್ಗೆ ಚಿತ್ತೆ ಮಳೆಯ ಒಂದು ಹೊಡೆತ ಬಂದು ಹೋಯಿತು. ಹತ್ತು ಗಂಟೆಗೆ ಬಿಸಿಲು. ನೆಟ್ಟಿನ ಸುತ್ತ ಎರಡು ಸಾಲು ಜನ ನಿಂತಿದ್ದರು. ಆದರೆ ನಾನು ಮುಖಗಳನ್ನು ಒಂದೊಂದಾಗಿ ನೋಡಿದೆ. ಶನಿವಾರ ಪ್ಲೇಸ್ಟೇಷನ್‌ಗೆ ಅಂತಲೇ ಬಂದವರು ಹೆಚ್ಚಿನವರು ಅಲ್ಲಿರಲಿಲ್ಲ. ಬಂದಿದ್ದವರು ಕಾರ್ಡು ಇದ್ದವರ ಅಕ್ಕ-ತಮ್ಮಂದಿರು, ಕ್ಲಾಸ್‌ಮೇಟ್‌ಗಳು, ಪಕ್ಕದ ಮನೆಯವರು, ಅಂಕ ಬರೆದುಕೊಟ್ಟು ಸೋತುಹೋಗಿದ್ದ ಕ್ಯಾಪ್ಟನ್‌ಗಳು. ದೊಡ್ಡ ಪರದೆಗೆ ಬಂದ ಜನ ಒಂದು ಸಂಜೆಗೆ ಬಂದರು, ಕಾರ್ಡಿನಿಂದ ಬಂದವರು ಏಳು ವಾರದಿಂದ ಬರುತ್ತಿದ್ದರು. ಇದು ನಾನು ಈ ಪ್ರಕರಣದಿಂದ ಕಲಿತ ಎಲ್ಲಕ್ಕಿಂತ ದೊಡ್ಡ ಪಾಠ.

ಇನ್ನೊಂದು ಪ್ರಯೋಗ ಕೈಕೊಟ್ಟಿತು. ಸ್ಪೇನ್‌ನಲ್ಲಿ ಬಾರ್ಸಿಲೋನಾದ ಹಳೆಯ ಆಟಗಾರ ಜೆರಾರ್ಡ್ ಪಿಕೆ 2023ರ ಜನವರಿಯಲ್ಲಿ ಕಿಂಗ್ಸ್ ಲೀಗ್ ಶುರು ಮಾಡಿದರು. ಏಳು ಜನರ ಫುಟ್‌ಬಾಲ್, ಗೇಮ್ ಆಡುತ್ತಾ ನೆಟ್‌ನಲ್ಲಿ ಲೈವ್ ತೋರಿಸೋ ಸ್ಟ್ರೀಮರ್‌ಗಳೇ ಹೆಚ್ಚಿನ ತಂಡಗಳ ಅಧ್ಯಕ್ಷರು, ವಿಡಿಯೊ ಗೇಮಿನ ಹಾಗೆ ಗುಟ್ಟಿನ ಕಾರ್ಡುಗಳು. ಕಾರ್ಡ್ ತೆಗೆದರೆ ಪೆನಾಲ್ಟಿ, ಇಲ್ಲಾ ಎದುರಿನವನೊಬ್ಬ ಸ್ವಲ್ಪ ಹೊತ್ತು ಹೊರಗೆ, ಇಲ್ಲಾ ಗೋಲ್‌ಗೆ ಎರಡು ಲೆಕ್ಕ. ಅದೇ ಮಾರ್ಚ್‌ನಲ್ಲಿ ಅದರ ಕೊನೆಯ ಸುತ್ತಿಗೆ ಬಾರ್ಸಿಲೋನಾದ ಕ್ಯಾಂಪ್ ನೌನಲ್ಲಿ 92 ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ನಾನು ಅದನ್ನು ನೋಡಿ ಒಂದು ಪಂದ್ಯಕ್ಕೆ ಒಂದು ಗುಟ್ಟಿನ ಕಾರ್ಡು ಅಂತ ಇಟ್ಟಿದ್ದೆ.

ರೆಫ್ರಿ ಆಗಿದ್ದವರು ರಿಟೈರ್ ಆದ ಪಿ.ಟಿ. ಮೇಷ್ಟ್ರು. ಸುಭಾಷ್‌ಚಂದ್ರ ಬೋಸ್ ಮೈದಾನದಲ್ಲಿ ಎಷ್ಟೋ ತಲೆಮಾರಿನ ಹುಡುಗರಿಗೆ ಸೀಟಿ ಊದಿದವರು. ಲೀಗ್ ಹಂತದಲ್ಲಿ ಒಂದು ತಂಡ ಚೆನ್ನಾಗಿ ಆಡಿ ಮುಂದಿತ್ತು. ಎದುರಿನವರು ಕೊನೆಯ ನಿಮಿಷ 'ಗೋಲ್‌ಗೆ ಎರಡು' ಕಾರ್ಡು ತೆಗೆದರು, ಒಂದು ಗೋಲ್ ಹೊಡೆದರು, ಗೆದ್ದರು. ಸೋತ ತಂಡದ ಹುಡುಗ ಹುಲ್ಲಿನ ಮೇಲೆ ಕೂತುಬಿಟ್ಟ. ಮೇಷ್ಟ್ರು ನನ್ನ ಹತ್ತಿರ ಬಂದರು. "ನೋಡಪ್ಪ, ಅವನು ಬೆವರು ಸುರಿಸಿದ್ದಕ್ಕೆ ಬೆಲೆ ಕೊಡೋ ಕಾರ್ಡು ಬೇರೆ, ಅವನ ಬೆವರನ್ನ ಒರೆಸಿ ಹಾಕೋ ಕಾರ್ಡು ಬೇರೆ. ಮೊದಲನೇದು ಇಟ್ಕೊ, ಎರಡನೇದು ತೆಗಿ." ಸೆಮಿಫೈನಲ್‌ನಿಂದಲೇ ತೆಗೆದೆವು. ಸ್ಟ್ರೀಮ್ ನೋಡೋ ಲಕ್ಷಾಂತರ ಜನಕ್ಕೆ ಅಂತ ಮಾಡಿದ ನಿಯಮವನ್ನು, ಎದುರು ಬದುರು ಮನೆಯ ಹುಡುಗರು ಆಡೋ ಜಾಗಕ್ಕೆ ತಂದಿದ್ದೇ ಸರಿ ಇರಲಿಲ್ಲ.

ಫೈನಲ್ ಪೆನಾಲ್ಟಿಗೆ ಹೋಯಿತು. ತೋಟದ ಹುಡುಗನ ತಂಡ ಸೋತಿತು. ಮಧ್ಯಾಹ್ನದ ಹೊತ್ತಿಗೆ ಬೇಕರಿ ಮಾಲೀಕರ ಪಫ್ಸು ಖಾಲಿ, ದಿಲ್‌ಪಸಂದ್ ಖಾಲಿ. ಅವರೇ ಎರಡನೇ ಟ್ರೇ ತರಿಸಿದರು. ಹೋಗುವಾಗ ಒಂದು ಕಾರ್ಡು ಕೈಗೆ ತಗೊಂಡು ತಿರುಗಿಸಿ ನೋಡಿದರು. "ಹಿಂದೆ ಖಾಲಿ ಇದೆಯಲ್ಲ, ನಮ್ಮ ಅಂಗಡಿ ಹೆಸರು ಹಾಕಬಹುದಾ?" ಹುಡುಗರು ಈ ಕಾರ್ಡನ್ನು ವರ್ಷಗಟ್ಟಲೆ ಇಟ್ಟುಕೊಳ್ತಾರೆ ಅನ್ನೋದು ಅವರಿಗೆ ನನಗಿಂತ ಬೇಗ ಅರ್ಥವಾಗಿತ್ತು.

ಈಗ ಹೇಗಿದೆ

ಗೋಲ್ ಪೋಸ್ಟ್ ಕಿತ್ತಿಲ್ಲ. ಬುಧವಾರ, ಶನಿವಾರ ರಾತ್ರಿ ಏಳರಿಂದ ಒಂಬತ್ತು ಫುಟ್‌ಬಾಲ್‌ಗೆ ಮೀಸಲು. ಕಂತು ಕಟ್ಟುತ್ತಿರೋದು ಈಗಲೂ ಹೆಚ್ಚಾಗಿ ಕ್ರಿಕೆಟ್ಟೇ. ಅದನ್ನು ಮುಚ್ಚಿಡೋದಿಲ್ಲ. ಕಾರ್ಡಿನ ಖರ್ಚು ಬೇಕರಿಯವರದು. ಹುಡುಗರು ಮೊಬೈಲ್‌ನಲ್ಲಿ ಆಡೋದು ನಿಂತಿಲ್ಲ, ನಿಲ್ಲಿಸೋ ಉದ್ದೇಶ ನನಗೂ ಇರಲಿಲ್ಲ. ಆದರೆ ಈಗ ಆ ಬೆಂಚಿನ ಮೇಲೆ ಆರ್ಸೆನಲ್ ಲೆಫ್ಟ್ ಬ್ಯಾಕ್ ಜೊತೆಗೆ ಉಪ್ಪಳ್ಳಿ ತಂಡದ ಲೆಫ್ಟ್ ಬ್ಯಾಕ್ ಬಗ್ಗೆಯೂ ವಾದ ನಡೆಯುತ್ತೆ.

ಹೋದ ವಾರ ನಾಲ್ಕು ಕಾಲೇಜು ಹುಡುಗಿಯರು ಬಂದಿದ್ದರು. "ಅಣ್ಣ, ಗೇಮಲ್ಲೇ ನಮಗೆ ಕಾರ್ಡ್ ಇದೆ. ಇಲ್ಲಿ ಯಾಕಿಲ್ಲ?" ಅಂತ ಕೇಳಿದರು. ಅವರು ಹೇಳಿದ್ದು ಸರಿ. 2015ರಲ್ಲಿ ಬಂದ ಫಿಫಾ 16ರಲ್ಲಿ ಮೊದಲ ಸಲ 12 ಮಹಿಳಾ ರಾಷ್ಟ್ರೀಯ ತಂಡಗಳು ಸೇರಿದವು. ಎಫ್‌ಸಿ 24ರಿಂದ, ಕಾರ್ಡು ಸೇರಿಸಿ ತಂಡ ಕಟ್ಟೋ 'ಅಲ್ಟಿಮೇಟ್ ಟೀಮ್' ಭಾಗದಲ್ಲಿ, ಗಂಡಸರ ಜೊತೆ ಒಂದೇ ತಂಡದಲ್ಲಿ ಹೆಂಗಸರನ್ನೂ ಆಡಿಸಬಹುದು. ನಮಗೆ ಇದು ಹೊಳೆದೇ ಇರಲಿಲ್ಲ. ಐದನೆಯವಳನ್ನು ಅವರೇ ಹುಡುಕಿಕೊಂಡು ಬರುತ್ತಾರಂತೆ. ಶನಿವಾರದ ಎರಡು ಗಂಟೆಯಲ್ಲಿ ಒಂದು ಗಂಟೆ ಅವರಿಗೆ ಅಂತ ಟರ್ಫ್ ಅಣ್ಣ ಬರೆದಿಟ್ಟಿದ್ದಾರೆ. ನಾಲ್ಕು ಸಹಿ ಚೀಟಿ ಕೊಟ್ಟು ಕಳಿಸಿದ್ದೇನೆ, ಫೋಟೊ ಬುಧವಾರ.